ಬಾಬಯ್ಯನ ಅಳತೆ ಕಡ್ಡಿ

ಕಲ್ಯಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಜನ ನನಗೆ ಸೊಕ್ಕಿನವಳು ಎಂದು ಹೆಸರಿಟ್ಟರು. ನೀರು ಹೊರುವಾಗ, ಬೈಸಿಕೊಳ್ಳುವಾಗ, ಸಾವಿನ ಮನೆಯ ಬಾಗಿಲಲ್ಲಿ ನಿಂತಾಗ ಕೂಡ ನನ್ನ ಕತ್ತು ಬಾಗುತ್ತಿರಲಿಲ್ಲವಂತೆ. ಅತ್ತೆ ಸಾಯುವ ತನಕ ನನ್ನನ್ನು ಕೋಲು ನುಂಗಿದವಳು ಎಂದೇ ಕರೆದಳು. ಈಗ ನನಗೂ ವಯಸ್ಸಾಯಿತು. ಮಂಡಿ ಹಿಡಿದುಕೊಂಡಿದೆ, ಕಣ್ಣು ಮಂಜಾಗಿದೆ. ಆದರೂ ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಸಾಕು, ಹಿಮ್ಮಡಿ ಕೂಡಿಸಿ, ಗದ್ದ ಎತ್ತಿ ಸೆಟೆದು ನಿಂತುಬಿಡುತ್ತೇನೆ. ಮೊಮ್ಮಕ್ಕಳು ಇದನ್ನು ಕಂಡುಹಿಡಿದುಬಿಟ್ಟಿವೆ. ಬೇಕೆಂದೇ ಹಿಂದಿನಿಂದ ಬಂದು ನಿಂತು, ನಾನು ಸೆಟೆದುಕೊಂಡ ಕೂಡಲೇ ಬಿದ್ದು ಬಿದ್ದು ನಗುತ್ತವೆ. ನಗಲಿ. ಇದು ನನಗೆ ಎಲ್ಲಿಂದ ಅಂಟಿಕೊಂಡಿತು ಎಂಬುದನ್ನು ನನ್ನ ಗಂಡನೊಬ್ಬನಿಗೆ ಮಾತ್ರ ಹೇಳಿದ್ದೆ, ಅವನು ಈಗಿಲ್ಲ. ಮಗನ ಸ್ಲೇಟಿನ ಮೇಲೆ ಅಕ್ಷರ ಕಲಿತವಳು ನಾನು. ಬರವಣಿಗೆ ಒರಟಾಗಿದ್ದರೆ ಓದುವವರು ಸಹಿಸಿಕೊಳ್ಳಬೇಕು.

ನಾವು ಮೇದರು. ಚನ್ನಪಟ್ಟಣದ ಪೇಟೆ ಮುಗಿದು ಹೊಲಗಳು ಶುರುವಾಗುವ ಕಡೆ ನಮ್ಮ ಕೇರಿ. ಮನೆಯೆಂದರೆ ಉದ್ದನೆಯ ಒಂದೇ ಕೋಣೆ, ಅದರ ಮುಂದೆ ಅಷ್ಟೇ ಉದ್ದದ ಜಗುಲಿ. ಕೋಣೆಯ ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ದೇವರ ಗೂಡು, ನಡುವೆ ಸೂರನ್ನು ಹೊತ್ತ ಒಂದು ಮರದ ಕಂಬ. ಮಿಕ್ಕ ಜಾಗವೆಲ್ಲ ಬಿದಿರಿನದು. ಕಾನಕಾನಹಳ್ಳಿಯ ಕಾಡಿನಿಂದ ಗಾಡಿಯಲ್ಲಿ ಬಂದ ಹಸಿ ಬಿದಿರು ಜಗುಲಿಗೆ ಒರಗಿಕೊಂಡಿರುತ್ತಿತ್ತು, ಸೀಳಿದ್ದು ಒಳಗೆ ಗೋಡೆಯುದ್ದಕ್ಕೂ ಬಿದ್ದಿರುತ್ತಿತ್ತು, ಸಿಬಿರು ಎಲ್ಲೆಂದರಲ್ಲಿ. ಉಪ್ಪೆಸರಿನಲ್ಲಿ ಸಿಬಿರು ಸಿಕ್ಕರೆ ನಮ್ಮ ಮನೆಯಲ್ಲಿ ಯಾರೂ ಗೊಣಗುತ್ತಿರಲಿಲ್ಲ. ತೆಗೆದು ತಟ್ಟೆಯ ಅಂಚಿಗಿಟ್ಟು ಮುದ್ದೆ ನುಂಗುತ್ತಿದ್ದೆವು. ನನ್ನಪ್ಪ ಸಿದ್ದಪ್ಪ ಎಡಚ. ಅವನು ಕೊಯ್ದ ಬಿದಿರಿನ ತುದಿ ಎಡಕ್ಕೆ ಓರೆಯಾಗಿರುತ್ತಿತ್ತು, ಕೇರಿಯ ಮಿಕ್ಕವರದೆಲ್ಲ ಬಲಕ್ಕೆ. ಮೊರವಾಗಲಿ ಕುಕ್ಕೆಯಾಗಲಿ, ತುದಿ ಮುಟ್ಟಿ ನೋಡಿ ಇದು ಸಿದ್ದಪ್ಪನ ಕೈಯದು ಎಂದು ಸಂತೆಯಲ್ಲಿ ಹೇಳುವವರಿದ್ದರು. ಅವನು ನನಗೂ ಕತ್ತಿ ಹಿಡಿಯುವುದನ್ನು ಕಲಿಸಿದ್ದ. ಅಣ್ಣನಿಗೆ ಆ ಕೆಲಸ ಕೈಗೆ ಹತ್ತಲಿಲ್ಲ, ನನಗೆ ಏಳನೆಯ ವರ್ಷಕ್ಕೇ ಹತ್ತಿತು. ನಾನು ಕೊಯ್ದರೆ ತುದಿ ಹಿಂಜುತ್ತಿರಲಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ. ಆ ಕೆಲಸ ನನಗೂ ಬಾರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಣ್ಣನ ಹೆಸರು ಫಕೀರಪ್ಪ. ಅವನಿಗಿಂತ ಮೊದಲು ಅವ್ವ ಎರಡು ಕೂಸು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟಿದ್ದಳು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಬಿಸಿಲಲ್ಲಿ ದೊಡ್ಡಮಳೂರಿಗೆ ನಡೆದುಹೋಗಿ, ಅಲ್ಲಿನ ಅಂಬೆಗಾಲು ಕೃಷ್ಣನಿಗೆ ಮರದ ತೊಟ್ಟಿಲು ಕಟ್ಟುತ್ತೇನೆಂದು ಹರಕೆ ಹೊತ್ತಳು. ಅದೇ ವಾರ ಅಪ್ಪ ಅವಳಿಗೆ ಹೇಳದೆ ಬಾಬಯ್ಯನಿಗೆ ಹರಕೆ ಹೊತ್ತು ಬಂದಿದ್ದ. ಮಗು ಉಳಿದರೆ ಹನ್ನೆರಡು ವರ್ಷ ತುಂಬುವ ತನಕ ಅದು ಬಾಬಯ್ಯನ ಫಕೀರ ಎಂದು. ಮಗು ಉಳಿಯಿತು. ಹೆಸರು ಅಪ್ಪನ ಹರಕೆಯಂತೆ ಬಂತು, ತೊಟ್ಟಿಲು ಅವ್ವನ ಹರಕೆಯಂತೆ ಮಳೂರಿಗೆ ಹೋಯಿತು. ಆ ತೊಟ್ಟಿಲನ್ನು ಕಡೆದುಕೊಟ್ಟವರು ಬುಡನ್ ಸಾಬರು, ಬಾಬಯ್ಯನ ಹಬ್ಬದ ಯಜಮಾನರು. ಅವರಿಗೆ ಇದರಲ್ಲಿ ತಕರಾರೇನೂ ಕಾಣಲಿಲ್ಲ. ತಕರಾರಿದ್ದದ್ದು ನಮ್ಮ ಮನೆಯೊಳಗೆ, ಅದೂ ಸರಿಯಾಗಿ ಊಟದ ಹೊತ್ತಿಗೆ.

"ನನ್ ಮಗಂಗೆ ಉಸ್ರು ಕೊಟ್ಟಿದ್ದು ಮಳೂರು ಕಿಸ್ಣ," ಎಂದು ಅವ್ವ ಮುದ್ದೆ ತಿರುವುತ್ತ ಶುರುಮಾಡುತ್ತಿದ್ದಳು.

"ಕೊಟ್ಟಿರ್ಬೋದು. ಕೊಟ್ಟಿದ್ನ ಉಳ್ಸಿದ್ದು ಯಾರು? ಬಾಬಯ್ಯ," ಎನ್ನುತ್ತಿದ್ದ ಅಪ್ಪ.

"ಹಂಗಾರೆ ಇವತ್ತು ಮುದ್ದೆನೂ ಬಾಬಯ್ಯನ್ನೇ ಕೇಳೋಗು."

"ಕೇಳ್ತೀನಿ. ನಿನ್ ಸಾರ್ಗಿಂತ ಅವ್ರ ಮನೆ ಚೊಂಗೆನೇ ವಾಸಿ."

ಚೊಂಗೆ ಎಂದರೆ ಆ ಹಬ್ಬಕ್ಕೆ ಮಾಡುವ, ಬೆಲ್ಲ ಹಚ್ಚಿದ ಗೋಧಿ ರೊಟ್ಟಿ. ಅದರ ಹೆಸರೆತ್ತಿದ ಕೂಡಲೇ ಅವ್ವನಿಗೂ ನಗು ಬಂದುಬಿಡುತ್ತಿತ್ತು, ಏಕೆಂದರೆ ಅದು ಅವಳಿಗೂ ಇಷ್ಟ. ಜಗಳದ ನಡುವೆ ಅಣ್ಣ ತನ್ನ ತಟ್ಟೆಯನ್ನು ಒಮ್ಮೆ ಅವಳ ಕಡೆಗೆ, ಒಮ್ಮೆ ಅಪ್ಪನ ಕಡೆಗೆ ಸರಿಸುತ್ತ, ಇಬ್ಬರು ದೇವರುಗಳಿಂದಲೂ ಒಂದೊಂದು ತುತ್ತು ಹೆಚ್ಚಿಗೆ ವಸೂಲು ಮಾಡುತ್ತಿದ್ದ. ನಾನು ಅವನಿಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವಳು. ನನ್ನನ್ನು ಕೊಟ್ಟವರು ಯಾರು, ಉಳಿಸಿದವರು ಯಾರು ಎಂದು ಆ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ.

ಮೊಹರಂ ಎಂಬ ಮಾತನ್ನು ನಾನು ಕೇಳಿದ್ದು ದೊಡ್ಡವಳಾದ ಮೇಲೆ. ನಮಗೆ ಅದು ಬಾಬಯ್ಯನ ಹಬ್ಬ. ಹತ್ತು ದಿನದ ಹಬ್ಬ, ಸಂಕಟದ ಹಬ್ಬ. ಆದರೂ ಊರಿಗೆ ಊರೇ ಬೀದಿಗೆ ಬರುತ್ತಿತ್ತು. ಮೈಗೆ ಹಳದಿ ಬಳಿದುಕೊಂಡ ಹುಲಿವೇಷದವರು ತಮಟೆಗೆ ಕುಣಿಯುತ್ತಿದ್ದರು, ಹಳ್ಳಿಯ ಒಕ್ಕಲಿನವರು ಗಾಡಿ ಕಟ್ಟಿಕೊಂಡು ಬಂದು ಹರಕೆಯ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸುತ್ತಿದ್ದರು, ಹರಕೆಯ ಮಕ್ಕಳು ಹಸಿರು ಅಂಗಿ ತೊಟ್ಟು, ಕೊರಳಿಗೆ ಕೆಂಪು ಲಾಡಿ ಕಟ್ಟಿ ಮನೆಮನೆ ಬೇಡುತ್ತಿದ್ದರು. ಇದೆಲ್ಲದರ ನಡುವೆ ಬರುತ್ತಿದ್ದದ್ದು ತಾಬೂತು. ಕರ್ಬಲದಲ್ಲಿ ಮಡಿದ ಹುಸೇನರ, ನಮ್ಮ ಬಾಯಲ್ಲಿ ಬಾಬಯ್ಯನ, ಗೋರಿಯ ಹೆಸರಿನಲ್ಲಿ ಬಿದಿರು, ಬಣ್ಣದ ಕಾಗದ, ಕಾಗೆಬಂಗಾರಗಳಿಂದ ಕಟ್ಟಿದ ಮೂರಂತಸ್ತಿನ ಮನೆ. ಅದನ್ನು ಹೊರಲು ಹದಿನಾರು ಹೆಗಲು ಬೇಕು. ವರ್ಷವರ್ಷವೂ ಹೊಸದಾಗಿ ಕಟ್ಟಬೇಕು, ಹತ್ತನೆಯ ದಿನ ಕೆರೆಗೆ ಕೊಡಬೇಕು. ಬುಡನ್ ಸಾಬರ ಮನೆ ಬೊಂಬೆ ಕಡೆಯುವವರದು. ತಾಬೂತಿನ ಗುಂಬಜು, ಮೂಲೆಯ ಕಳಶಗಳನ್ನು ಅವರು ಆಲೆಮರದಲ್ಲಿ ಕಡೆದು, ಚರಕಿಯ ಮೇಲೆ ತಿರುಗುವಾಗಲೇ ಅರಗಿನ ಬಣ್ಣ ಹಿಡಿಸುತ್ತಿದ್ದರು. ಬಿದಿರಿನ ಚೌಕಟ್ಟು ಅಪ್ಪನದು. ಅಂಟಿಗೆ ಹುಣಸೆಬೀಜ ಬೇಯಿಸುವುದು ನಮ್ಮ ಒಲೆಯ ಮೇಲೆ, ಕಾಗದ ಕತ್ತರಿಸುವುದು ಅವರ ನಡುಮನೆಯಲ್ಲಿ. ಆ ಹತ್ತು ದಿನ ನಮ್ಮ ಮನೆಯಲ್ಲೂ ಬಾಡಿಲ್ಲ, ತಲೆಗೆ ಎಣ್ಣೆಯಿಲ್ಲ, ಅಪ್ಪನ ಕಾಲಿಗೆ ಚಪ್ಪಲಿಯಿಲ್ಲ.

ಅಳತೆ ಕಡ್ಡಿಯ ವಾಡಿಕೆ ಬೇರೆ ಯಾವ ಊರಲ್ಲೂ ಇಲ್ಲ. ಅದು ಅಪ್ಪ ಮತ್ತು ಬುಡನ್ ಸಾಬರು ಕೂಡಿ ಮಾಡಿಕೊಂಡದ್ದು. ಹಬ್ಬದ ಮೊದಲ ದಿನ ಬೆಳಿಗ್ಗೆ ಅಣ್ಣನಿಗೆ ಸ್ನಾನ ಮಾಡಿಸಿ ಮನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿಸುತ್ತಿದ್ದರು. ಅಪ್ಪ ಬಿದಿರಿನ ಒಂದು ಸೀಳನ್ನು ಹಿಮ್ಮಡಿಯ ಹತ್ತಿರ ನೆಲಕ್ಕೂರಿ, ಹೆಬ್ಬೆರಳನ್ನು ನೆತ್ತಿಯ ಮೇಲಿಟ್ಟು, ಎಡಗೈಯಿಂದ ಒಂದೇ ಏಟಿಗೆ ಕೊಯ್ಯುತ್ತಿದ್ದ. ಆ ಕಡ್ಡಿ ಎಷ್ಟುದ್ದವೋ ತಾಬೂತಿನ ಮೇಲಂತಸ್ತಿನ ನಾಲ್ಕು ಕಂಬಗಳೂ ಅಷ್ಟೇ ಉದ್ದ. ಹರಕೆಯ ಮಗು ಬೆಳೆದಂತೆ ತಾಬೂತೂ ಬೆಳೆಯುತ್ತದೆ, ಬಾಬಯ್ಯ ಮೇಲಿನಿಂದ ನೋಡಿ ಈ ವರ್ಷದ ಅಳತೆ ಸಂದಿತು ಎನ್ನುತ್ತಾನೆ, ಮುಂದಿನ ವರ್ಷದ ತನಕ ಮಗುವನ್ನು ಕಾಯುತ್ತಾನೆ. ಹೀಗೆ ಅವರ ನಂಬಿಕೆ. ಕಂಬ ಕೊಯ್ಯುವುದು ಮೂರನೆಯ ದಿನ. ಅಲ್ಲಿಯವರೆಗೆ ಕಡ್ಡಿ ಅಣ್ಣ ಮಲಗುವ ಜಾಗದ ಮೇಲೆ ಸೂರಿಗೆ ಸಿಕ್ಕಿಸಿಕೊಂಡಿರುತ್ತಿತ್ತು, ಕೆಲಸವಾದ ಮೇಲೆ ಮತ್ತೆ ವರ್ಷ ಪೂರ್ತಿ ಅಲ್ಲೇ. ಅಣ್ಣನಿಗೆ ಹತ್ತು ತುಂಬಿದ್ದ ವರ್ಷ, ಅಳತೆ ಮುಗಿದ ಮೇಲೆ, ನಾನು ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತೆ.

"ನನ್ನೂ ಅಳಿ ಅಪ್ಪ."

ಅಪ್ಪ ನಕ್ಕ. "ನಿನ್ನ ಯಾಕವ್ವ ಅಳೀಲಿ? ನಿನ್ಗೋಸ್ಕರ ಯಾರ್ಗೂ ಹರಕೆ ಹೊತ್ತಿಲ್ಲ. ನೀನು ಬಿಟ್ಟಿ ಬಂದೋಳು ಕಣವ್ವ ಚೆನ್ನಿ."

ಅವ್ವನೂ ನಕ್ಕಳು. ಅಣ್ಣ ಹಸಿರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನಾನು ಬಾಬಯ್ಯನುದ್ದ, ನೀನು ಬಿಟ್ಟಿಯುದ್ದ," ಎಂದು ನಾಲಗೆ ಚಾಚಿ, ಬೇಡುವ ಬಟ್ಟಲು ಹಿಡಿದು ಓಡಿದ. ಅದು ತಮಾಷೆ. ನನಗೆ ಈಗ ಚೆನ್ನಾಗಿ ಗೊತ್ತು, ಅಪ್ಪ ನನ್ನನ್ನು ಮುದ್ದಿಗೆ ಹಾಗೆ ಅಂದ. ಬೇಡದೆ ಬಂದ ಮಗಳು, ಭಯವಿಲ್ಲದೆ ಹುಟ್ಟಿ ಬೆಳೆದ ಮಗಳು ಎಂಬ ಅರ್ಥದಲ್ಲಿ ಅಂದ. ಆದರೆ ಒಂಬತ್ತರೊಳಗಿನ ಹುಡುಗಿಯ ಹೊಟ್ಟೆಯಲ್ಲಿ ಅದು ಬೇರೆಯಾಗಿಯೇ ಇಳಿಯಿತು. ಅಂದು ಮಧ್ಯಾಹ್ನ ಅಪ್ಪ ಅವ್ವ ಇಬ್ಬರೂ ಅಂಟಿನ ಮಡಕೆ ಹೊತ್ತುಕೊಂಡು ಬುಡನ್ ಸಾಬರ ಮನೆಗೆ ಹೋದರು. ಅಣ್ಣ ಬೇಡಲು ಹೋದವನು ಬಂದಿರಲಿಲ್ಲ. ನಾನು ಬುಟ್ಟಿ ಬೋರಲು ಹಾಕಿ ಹತ್ತಿ ಸೂರಿನಿಂದ ಕಡ್ಡಿ ಇಳಿಸಿದೆ. ಕಂಬಕ್ಕೆ ನಿಂತು ಅಪ್ಪನಂತೆಯೇ ನೆತ್ತಿಯ ಮೇಲೆ ಕೈಯಿಟ್ಟು ನೋಡಿಕೊಂಡೆ. ನನಗಿಂತ ನಾಲ್ಕು ಬೆರಳು ಮೇಲಿತ್ತು. ಜಗುಲಿಯಿಂದ ಕತ್ತಿ ತಂದೆ. ಒಂದೇ ಏಟು. ತುದಿ ಚೂರೂ ಹಿಂಜಲಿಲ್ಲ. ಉದುರಿದ ನಾಲ್ಕು ಬೆರಳಿನ ಚೂರನ್ನು ಒಲೆಗೆ ಹಾಕಿದೆ, ಕಡ್ಡಿಯನ್ನು ಇದ್ದಲ್ಲಿಗೇ ಸಿಕ್ಕಿಸಿದೆ. ಅಣ್ಣನಿಗೆ ಏನಾದರೂ ಆಗಲಿ ಎಂದು ಮಾಡಿದ್ದಲ್ಲ. ಇಷ್ಟು ವರ್ಷದ ಮೇಲೆ ಇದನ್ನು ಯಾರೂ ನಂಬಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಒಂದು ವರ್ಷ, ಒಂದೇ ಒಂದು ವರ್ಷ, ಆ ತಾಬೂತು ಯಾರಿಗೂ ತಿಳಿಯದ ಹಾಗೆ ನನ್ನ ಉದ್ದಕ್ಕಿರಲಿ ಎಂದಷ್ಟೇ ನನಗಿದ್ದದ್ದು.

ಮೂರನೆಯ ದಿನ ಅಪ್ಪ ಕಡ್ಡಿ ಹಿಡಿದು ಬುಡನ್ ಸಾಬರ ಅಂಗಳದಲ್ಲಿ ಕಂಬ ಕೊಯ್ದ. ಕೆಳಗಿನ ಎರಡಂತಸ್ತಿನ ಕೆಲಸ ತಡವಾಗಿ ಅವನಿಗೆ ಉಸಿರಾಡಲೂ ಹೊತ್ತಿರಲಿಲ್ಲ. ಕಡ್ಡಿಯನ್ನು ಬಿದಿರಿನ ಮೇಲಿಟ್ಟ, ಗುರುತು ಮಾಡಿದ, ಕೊಯ್ದ, ಅಷ್ಟೇ. ಬುಡನ್ ಸಾಬರು ತಾವು ಕಡೆದ ಹಸಿರು ಗುಂಬಜನ್ನು ಮೇಲೆ ಕೂರಿಸಿ ಹಿಂದಕ್ಕೆ ಸರಿದು, ಬಿಳಿ ಗಡ್ಡ ನೀವಿಕೊಳ್ಳುತ್ತ ನೋಡಿದರು.

"ಏನ್ ಸಿದ್ದಪ್ಪ, ನಮ್ ಫಕೀರ ಈ ವರ್ಸ ಒಸಿನೂ ಬೆಳ್ದೇ ಇಲ್ವಲ್ಲ? ಹೋದ್ ವರ್ಸದಷ್ಟೇ ಐತೆ."

"ಕಡ್ಡಿ ಸುಳ್ಳೇಳ್ತದಾ ಸಾಬ್ರೇ?" ಎಂದ ಅಪ್ಪ, ತಲೆಯೆತ್ತದೆ.

ನಾನು ಅಲ್ಲೇ ಕಾಗದದ ಚೂರು ಆಯುತ್ತಿದ್ದೆ. ಆಗಲೇ ಹೇಳಿಬಿಡಬಹುದಾಗಿತ್ತು. ಬಿದಿರಿಗೇನು ಬರ, ಇನ್ನು ನಾಲ್ಕು ಕಂಬ ಕೊಯ್ದರೆ ಮುಗಿಯುತ್ತಿತ್ತು. ಎರಡೇಟು ಬೀಳುತ್ತಿತ್ತು, ಸಂಜೆಗೆ ಮರೆತುಹೋಗುತ್ತಿತ್ತು. ಆದರೆ ಚೂರು ಆಯುತ್ತಲೇ ಹೋದೆ. ಬುಡನ್ ಸಾಬರ ಹೆಂಡತಿ ಬೀಬಮ್ಮ ನನ್ನನ್ನು ಕರೆದು, ಕೆಲಸ ಮಾಡಿ ದಣಿದಿದ್ದಾಳೆ ಪಾಪ ಎಂದು ಕೈಗೆ ಒಂದು ಚೊಂಗೆ ಕೊಟ್ಟಳು. ಅದನ್ನು ತಿಂದೆ.

ಹತ್ತನೆಯ ದಿನ ಮಧ್ಯಾಹ್ನದ ಮೇಲೆ ತಾಬೂತು ಹೊರಟಿತು. ಎಂಥ ಚೆಂದ ಇತ್ತೆಂದರೆ, ಕಾಗೆಬಂಗಾರಕ್ಕೆ ಬಿಸಿಲು ಬಿದ್ದು ಎದುರು ಮನೆಗಳ ಗೋಡೆಯೆಲ್ಲ ಮಿರುಗುತ್ತಿತ್ತು. ಹೆಂಗಸರು ಬಿಂದಿಗೆ ಬಿಂದಿಗೆ ನೀರು ತಂದು ಹೊತ್ತವರ ಕಾಲಿಗೆ ಸುರಿದರು, ಪುರಿಯನ್ನೂ ಮೆಣಸನ್ನೂ ಎರಚಿದರು. ಮುಂದೆ ಹುಲಿಗಳು, ಹಿಂದೆ ಎದೆ ಬಡಿದುಕೊಂಡು ಹಾಡುವವರು, ತಾಬೂತಿನ ಕೆಳಗೆ ತೂರಿಕೊಂಡು ನಡೆಯುವ ಅಣ್ಣ. ಹರಕೆಯ ಮಗು ಆ ನೆರಳಿನಲ್ಲೇ ನಡೆಯಬೇಕು. ಅವನು ಆಗಾಗ ಕೆಮ್ಮುತ್ತಿದ್ದ. ದೂಳಿಗೆ ಎಂದುಕೊಂಡೆವು. ಕೆರೆಯ ಏರಿಯ ಮೇಲೆ ತಾಬೂತನ್ನು ಇಳಿಸಿ, ಹಗ್ಗ ಬಿಚ್ಚಿ, ಮೇಲಂತಸ್ತನ್ನು ಬೇರೆ ಮಾಡಿ ನೆಲದ ಮೇಲಿಟ್ಟರು. ಅದು ನೀರಿಗೆ ಹೋಗುವ ಮೊದಲು ಒಂದು ಗಳಿಗೆ ಅಲ್ಲೇ ನಿಂತಿತ್ತು. ಎಲ್ಲರೂ ಸಕ್ಕರೆಗೆ ಕೈಯೊಡ್ಡಿಕೊಂಡು ಬುಡನ್ ಸಾಬರ ಕಡೆ ತಿರುಗಿದ್ದರು. ನಾನು ಹೋಗಿ ಅದರ ಮೂಲೆಗಂಬದ ಪಕ್ಕ ನಿಂತೆ. ನೆತ್ತಿಯ ಮೇಲೆ ಅಂಗೈ ಇಟ್ಟು ಹಾಗೇ ಸರಿಸಿದೆ. ಕಂಬದ ತುದಿಗೆ ಸರಿಯಾಗಿ ಬಂತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಸಂತೋಷ ಮತ್ತೆಂದೂ ಆಗಲಿಲ್ಲ, ಮದುವೆಯ ದಿನವೂ ಇಲ್ಲ, ಮಗ ಹುಟ್ಟಿದಾಗಲೂ ಇಲ್ಲ. ಆ ಸಂತೋಷಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅದು ದೊಡ್ಡ ಜ್ವರ ಬಂದ ವರ್ಷ. ಯುದ್ಧದಿಂದ ಮರಳಿದ ಸಿಪಾಯಿಗಳ ಜೊತೆ ರೈಲಿನಲ್ಲಿ ಬಂತು ಎನ್ನುತ್ತಿದ್ದರು. ಹಬ್ಬ ಮುಗಿದ ವಾರದೊಳಗೆ ನಮ್ಮ ಕೇರಿಯಲ್ಲಿ ಒಲೆ ಹೊತ್ತದ ಮನೆಗಳೇ ಹೆಚ್ಚಾದವು. ಮೊದಲು ಅವ್ವ ಮಲಗಿದಳು, ಎದ್ದಳು. ನಾನು ಮಲಗಿದೆ, ಎದ್ದೆ. ಅಣ್ಣ ಮಲಗಿದವನು ಏಳಲಿಲ್ಲ. ಐದು ದಿನ ಕಂಬದ ಪಕ್ಕದ ಚಾಪೆಯ ಮೇಲೆ ಸೂರನ್ನೇ ನೋಡುತ್ತ ಇದ್ದ. ನಾಲ್ಕನೆಯ ದಿನ ನನ್ನನ್ನು ಹತ್ತಿರ ಕರೆದು, ತನ್ನ ಬೇಡುವ ಬಟ್ಟಲಿನಲ್ಲಿ ಸಕ್ಕರೆ ಉಳಿದಿದೆ, ಇರುವೆ ಹತ್ತೀತು, ತಿಂದುಬಿಡು ಎಂದ. ನಾನು ತಿನ್ನಲಿಲ್ಲ. ಇರುವೆಯೇ ತಿಂದವು. ಅವನು ಹೋದ ಬೆಳಿಗ್ಗೆ ಬುಡನ್ ಸಾಬರು ತಮ್ಮ ಮನೆಯಲ್ಲೇ ಇಬ್ಬರು ಮಲಗಿದ್ದರೂ ಬಂದು ಜಗುಲಿಯ ಮೇಲೆ ಕೂತರು. ಅವರ ಗಡ್ಡ ನೆನೆದಿತ್ತು. ಹೊರುವ ಹೊತ್ತಿಗೆ ಅಪ್ಪ ಒಳಗೆ ಬಂದು ಸೂರಿಗೆ ಕೈಹಾಕಿ ಅಳತೆ ಕಡ್ಡಿಯನ್ನು ಎಳೆದುಕೊಂಡ. ಅಣ್ಣನ ಪಕ್ಕದಲ್ಲಿ ಅದನ್ನು ಉದ್ದಕ್ಕೆ ಮಲಗಿಸಿದ. ಅದು ಅಣ್ಣನ ಹುಬ್ಬಿನ ತನಕ ಬಂತು. ಅಪ್ಪ ಕಡ್ಡಿಯನ್ನು ಮತ್ತೆ ಎತ್ತಿಕೊಂಡು ಅದರ ತುದಿಯ ಮೇಲೆ ಹೆಬ್ಬೆರಳನ್ನು ಆಡಿಸಿದ. ಒಂದು ಸಲ ಆಡಿಸಿದ, ನಿಲ್ಲಿಸಿದ, ಇನ್ನೊಂದು ಸಲ ಆಡಿಸಿದ. ಮಗನ ನೆನಪಿಗೆ ಹಾಗೆ ಮಾಡುತ್ತಿದ್ದಾನೆ ಎಂದುಕೊಂಡೆ. ನಾನು ಬಾಗಿಲ ಮೂಲೆಯಲ್ಲಿ ನಿಂತಿದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. ಕಡ್ಡಿಯನ್ನು ಅಣ್ಣನ ಜೊತೆಯಲ್ಲೇ ಮಣ್ಣಿಗೆ ಹಾಕಿದರು.

ಆಮೇಲೆ ನಮ್ಮ ಮನೆಯಲ್ಲಿ ಜಗಳ ನಿಂತುಹೋಯಿತು. ಕೊಟ್ಟವರು ಯಾರು, ಉಳಿಸಿದವರು ಯಾರು ಎಂದು ಅಷ್ಟು ವರ್ಷ ಬಡಿದಾಡಿದವರು, ಕೊಂಡೊಯ್ದವರು ಯಾರು ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಅವ್ವ ಮುದ್ದೆ ತಿರುವುತ್ತಿದ್ದಳು, ಅಪ್ಪ ಉಣ್ಣುತ್ತಿದ್ದ, ತಟ್ಟೆಗೆ ಬೆರಳು ತಾಗುವ ಸದ್ದು ಕೇಳುತ್ತಿತ್ತು. ಯಾರಾದರೂ ಬಾಬಯ್ಯನನ್ನೋ ಕೃಷ್ಣನನ್ನೋ ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದೇವರನ್ನು ಬೈಯದ ಮನೆಯಲ್ಲಿ ತಪ್ಪೆಲ್ಲ ನನ್ನೊಬ್ಬಳ ಪಾಲಿಗೇ ಬಂದ ಹಾಗಿತ್ತು. ಊರಲ್ಲಿ ಮನೆಮನೆಯಲ್ಲೂ ಸತ್ತಿದ್ದರು, ಅವರ ಮನೆಗಳಲ್ಲಿ ಯಾರೂ ಯಾವ ಕಡ್ಡಿಯನ್ನೂ ಕೊಯ್ದಿರಲಿಲ್ಲ. ಈ ಲೆಕ್ಕ ಈಗ ನನಗೆ ತಿಳಿಯುತ್ತದೆ. ಆಗ ನನಗೆ ತಿಳಿದಿದ್ದದ್ದು ಒಂದೇ. ಬಾಬಯ್ಯ ಮೇಲಿನಿಂದ ನೋಡಿದ, ಅಳತೆ ನಾಲ್ಕು ಬೆರಳು ಕಡಿಮೆ ಬಂತು, ಕಾಯುವುದನ್ನು ಬಿಟ್ಟ.

ಮರುವರ್ಷ ಹಬ್ಬದ ಮೊದಲ ದಿನ ಬೆಳಿಗ್ಗೆ, ಅಪ್ಪ ಈ ಸಲ ತಾಬೂತಿನ ಕೆಲಸಕ್ಕೆ ಹೋಗುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಅವನು ಜಗುಲಿಯಿಂದ ಒಂದು ಸೀಳು ಆರಿಸಿಕೊಂಡು ಒಳಗೆ ಬಂದ.

"ಬಾ ಚೆನ್ನಿ. ಕಂಬಕ್ಕೆ ನಿಂತ್ಕೊ."

ಅವ್ವ ಹಿಡಿದಿದ್ದ ಮೊರವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ನಾನು ನಿಂತೆ. ಸತ್ತ ಅಣ್ಣ ಬದುಕಿದ್ದರೆ ಎಷ್ಟು ಬೆಳೆಯುತ್ತಿದ್ದ ಎಂದು ನೋಡುವುದಕ್ಕೆ ನನ್ನನ್ನು ನಿಲ್ಲಿಸಿದ್ದಾನೆ ಎಂದುಕೊಂಡೆ. ಅವನ ಜಾಗದಲ್ಲಿ ನಿಲ್ಲಬೇಕೆಂದು ಆಸೆಪಟ್ಟವಳನ್ನು ಕೊನೆಗೂ ಅಲ್ಲೇ ನಿಲ್ಲಿಸಿದ್ದಾರೆ. ನೆಲದೊಳಕ್ಕೆ ಇಳಿದುಹೋಗುವಂತೆ ಮೈ ಕುಗ್ಗಿಸಿದೆ. ಅಪ್ಪ ಗದ್ದದ ಕೆಳಗೆ ಎರಡು ಬೆರಳಿಟ್ಟು ಮೇಲೆತ್ತಿದ.

"ನೆಟ್ಗೆ ನಿಂತ್ಕೊ ಮಗ. ಕುಗ್ಬ್ಯಾಡ."

ಕೊಯ್ದ ಕಡ್ಡಿಯನ್ನು ಆ ವರ್ಷ ಸೂರಿಗೆ ಸಿಕ್ಕಿಸಲಿಲ್ಲ. ಕೈಯಿಂದ ಕೆಳಗಿಡದೆ ಅಲ್ಲೇ ಕೂತು, ನಾಲ್ಕು ಕಂಬಗಳನ್ನೂ ಆಗಲೇ ಕೊಯ್ದು ಹೆಗಲ ಮೇಲೆ ಹೊತ್ತುಕೊಂಡು ಹೋದ. ಮೂರನೆಯ ದಿನಕ್ಕೆ ಕಾಯಲಿಲ್ಲ. ಅದರ ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಆ ಅವಸರದ ಅರ್ಥ ನನಗೆ ಹೊಳೆಯಲಿಲ್ಲ. ನಾನು ಬೆಳೆಯದಿರಲು ಏನೇನೋ ಮಾಡಿದೆ. ಅರ್ಧ ಮುದ್ದೆ ತಿಂದು ಏಳುತ್ತಿದ್ದೆ, ಕಾಲು ಮಡಚಿ ಮಲಗುತ್ತಿದ್ದೆ. ಆದರೂ ಬೆಳೆದೆ. ಅಣ್ಣನ ಉದ್ದವನ್ನು ದಾಟಿದ ವರ್ಷ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ಪ್ರತಿ ಸಲವೂ ಅಪ್ಪನದು ಅದೇ ಎರಡು ಬೆರಳು, ಅದೇ ಮಾತು. ಸೆಟೆದು ನಿಲ್ಲುವುದನ್ನು ನನ್ನ ಮೈ ಹೀಗೆ ಕಲಿತದ್ದು. ಒಳಗೆ ಮುದುರಿಕೊಂಡಿರುವ ಹೆಂಗಸು ಹೊರಗೆ ಕೋಲಿನಂತೆ ನಡೆಯುವುದಕ್ಕೆ ಶುರುಮಾಡಿದ್ದು ಆ ಕಂಬದ ಬುಡದಲ್ಲಿ.

ನನಗೆ ಹನ್ನೆರಡು ತುಂಬುವ ವರ್ಷ ಕಲ್ಯದವರು ಬಂದು ನೋಡಿ ಒಪ್ಪಿಕೊಂಡು ಹೋದರು. ಹಬ್ಬ ಕಳೆದ ಮೇಲೆ ಮದುವೆ ಎಂದಾಯಿತು. ಮೊದಲ ದಿನ ಬೆಳಿಗ್ಗೆ ಅಪ್ಪ ಸೀಳು ಹಿಡಿದು ಬಂದ. ಅವನ ಕೂದಲು ಅಷ್ಟರಲ್ಲಿ ಪೂರ್ತಿ ನರೆತಿತ್ತು. ಅವ್ವ ಈ ಸಲ ಹೊರಗೆ ಹೋಗಲಿಲ್ಲ, ಒಲೆಯ ಮುಂದೆ ಕೂತೇ ಇದ್ದಳು. ನಾನು ಕಂಬದ ಹತ್ತಿರ ಹೋದೆ, ಆದರೆ ಬೆನ್ನು ಕೊಡಲಿಲ್ಲ.

"ಅಣ್ಣನ ಅಳತೆಯ ನನ್ ಮೈಮೇಲೆ ತಗೋಬ್ಯಾಡ ಅಪ್ಪ. ನನ್ ಕೈಲಿ ಆಗಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. "ಅಣ್ಣಂದಾ? ಯಾರಂದ್ರು ನಿಂಗೆ? ಇದು ನಿಂದು ಕಣವ್ವ. ಅವ್ನು ಹೋದ ಮಾರ್ನೆ ದಿನವೇ ನಿನ್ನ ಬಾಬಯ್ಯಂಗೆ ಒಪ್ಸಿ ಬಂದಿವ್ನಿ. ಇವತ್ತಿಗೆ ಹರಕೆ ಮುಗೀತದೆ. ಬುಡನ್ ಸಾಬ್ರು ನಾಕು ವರ್ಸದಿಂದ ಸಕ್ರೆ ಓದ್ತಿರೋದು ನಿನ್ ಹೆಸ್ರಿಗೇ ಕಣವ್ವ."

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು, "ನಾನೂ ಮಳೂರಿಗೆ ಹೇಳ್ಕಂಡಿವ್ನಿ. ನಿಮ್ಮಪ್ಪಂಗೆ ಗೊತ್ತಿಲ್ಲ." ನಾಲ್ಕು ವರ್ಷದಲ್ಲಿ ಆ ವಿಷಯಕ್ಕೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

ನಾನು ಕಂಬದ ಬುಡದಲ್ಲಿ ಕೂತೆ. ಎಲ್ಲ ಹೇಳಿದೆ. ಬುಟ್ಟಿ ಬೋರಲು ಹಾಕಿದ್ದು, ಕತ್ತಿ ತಂದದ್ದು, ಚೂರನ್ನು ಒಲೆಗೆ ಹಾಕಿದ್ದು. ಅವ್ವ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅಪ್ಪ ಕೈಯಲ್ಲಿದ್ದ ಸೀಳನ್ನು ಕಂಬಕ್ಕೆ ಒರಗಿಸಿದ. ಆಮೇಲೆ ಮಾಮೂಲಿನ ದನಿಯಲ್ಲಿ, ನೀರು ತಂದುಕೊಡು ಎನ್ನುವ ಹಾಗೆ ಹೇಳಿದ.

"ಗೊತ್ತು ಕಣವ್ವ. ನನ್ ಕೊಯ್ತ ಎಡಕ್ಕೆ ಓರೆ, ನಿಂದು ಬಲಕ್ಕೆ. ಕಂಬ ಕುಯ್ಯೋವಾಗ್ಲೇ ಹೆಬ್ಬೆಳ್ಳಿಗೆ ಸಿಕ್ತು. ಹುಡ್ಗಿ ಏನೋ ಆಟ ಆಡವ್ಳೆ ಅನ್ಕಂಡು ನಾಕ್ ಬೆಳ್ಳು ಸೇರ್ಸೇ ಕುಯ್ದೆ. ಆ ವರ್ಸದ ತಾಬೂತು ಫಕೀರನ ಉದ್ದಕ್ಕೇ ಇತ್ತು. ಅವ್ನ್ನ ಜ್ವರ ತಗಂಡೋಯ್ತು. ನಿನ್ ಕೈಯಿಂದ ಏನೂ ಆಗ್ಲಿಲ್ಲ."

"ನಿಜ್ವಾ ಅಪ್ಪ?"

"ನಿಮ್ಮಪ್ಪ ಮೇದ್ರೋನು. ಓರೆ ಗೊತ್ತಾಗಾಕಿಲ್ವಾ ನಂಗೆ?"

ಅವ್ವ ಮುಖದಿಂದ ಕೈ ತೆಗೆದಳು. ಅವಳು ನಂಬಿದಳು, ಸಾಯುವ ತನಕ ನಂಬಿದ್ದಳು. ಆದರೆ ಕೆರೆಯ ಏರಿಯ ಮೇಲೆ ಆ ಮೂಲೆಗಂಬದ ಪಕ್ಕ ನಿಂತು ನೆತ್ತಿಯಿಂದ ಅಂಗೈ ಸರಿಸಿ ನೋಡಿದವಳು ನಾನು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹುಡುಗ ಬೆಳೆದೇ ಇಲ್ಲವಲ್ಲ ಎಂದು ಬುಡನ್ ಸಾಬರು ಅಂದಾಗ, ಕಡ್ಡಿ ಸುಳ್ಳು ಹೇಳುತ್ತದಾ ಎಂದು ತಲೆಯೆತ್ತದೆ ಕೇಳಿದವನು ಇದೇ ಅಪ್ಪ. ಓರೆ ಅವನ ಹೆಬ್ಬೆರಳಿಗೆ ಸಿಕ್ಕಿದ್ದು ಕಂಬ ಕೊಯ್ಯುವಾಗ ಅಲ್ಲ, ಮಗನನ್ನು ಹೊರುವ ಬೆಳಿಗ್ಗೆ. ಅವತ್ತೇ ಅವನಿಗೆ ಎಲ್ಲ ತಿಳಿದಿತ್ತು. ತಿಳಿದ ಮಾರನೆಯ ದಿನವೇ ಬರಿಗಾಲಲ್ಲಿ ಹೋಗಿ ನನ್ನನ್ನು ಕಾಪಾಡು ಎಂದು ಹರಕೆ ಹೊತ್ತು ಬಂದಿದ್ದ. ಮೂರು ಹಬ್ಬ ನನ್ನ ಗದ್ದ ಎತ್ತಿ ನಿಲ್ಲಿಸಿದ್ದ, ಕಡ್ಡಿ ಇನ್ನೊಬ್ಬರ ಕೈಗೆ ಸಿಗದಂತೆ ಕೂಡಲೇ ಕಂಬ ಕೊಯ್ದಿದ್ದ, ಒಂದು ಮಾತು ಆಡಿರಲಿಲ್ಲ.

ನೀನು ಹೇಳುತ್ತಿರುವುದು ಸುಳ್ಳು, ನಾನು ಅಳೆದು ನೋಡಿದ್ದೇನೆ ಅಪ್ಪ ಎಂದು ಹೇಳಬಹುದಾಗಿತ್ತು. ಅವನ ಮುಖ ನೋಡಿದೆ. ಆ ಸುಳ್ಳನ್ನು ಅವನು ಎಷ್ಟು ದಿನದಿಂದ ಸಿದ್ಧಮಾಡಿಟ್ಟುಕೊಂಡಿದ್ದನೋ, ಕೊಟ್ಟಮೇಲೆ ಅವನ ಹೆಗಲು ಇಳಿದಿತ್ತು. ನಾನು "ಹೂಂ ಅಪ್ಪ" ಎಂದೆ.

"ಹಂಗಾರೆ ಏಳು. ನೆಟ್ಗೆ ನಿಂತ್ಕೊ."

ಎದ್ದು ಕಂಬಕ್ಕೆ ಬೆನ್ನು ಕೊಟ್ಟೆ. ಹಿಮ್ಮಡಿ ಕೂಡಿಸಿದೆ, ಯಾರೂ ಹೇಳುವ ಮೊದಲೇ ಗದ್ದ ಎತ್ತಿದೆ. ಅಪ್ಪ ಸೀಳನ್ನು ನೆಲಕ್ಕೂರಿ ಹೆಬ್ಬೆರಳನ್ನು ನನ್ನ ನೆತ್ತಿಯ ಮೇಲಿಟ್ಟ. ಎಡಗೈಯಿಂದ ಒಂದೇ ಏಟಿಗೆ ಕಡ್ಡಿ ಕೊಯ್ದ. ತುಂಡು ಕೆಳಗೆ ಬಿದ್ದ ಸದ್ದು ಕೇಳಿತು, ಕತ್ತಿ ಕೆಳಗಿಟ್ಟ ಸದ್ದೂ ಕೇಳಿತು. ಅಳತೆ ಮುಗಿದಿತ್ತು. ಅವನ ಹೆಬ್ಬೆರಳು ಮಾತ್ರ ಇನ್ನೂ ನನ್ನ ತಲೆಯ ಮೇಲೆಯೇ ಇತ್ತು.